ಹಳೆಯ ಪದಕದ ಲೋಹ ತಿಳಿಯಲು ಅರ ಹಾಕಬೇಕಿಲ್ಲ

ಮಾನ್ಯರೇ,

ಹಾಸನ ಜಿಲ್ಲೆಯ ಹಳೆಯ ಮನೆತನಗಳಲ್ಲಿ, ಅದರಲ್ಲೂ ಪಟೇಲಿಕೆ, ಶ್ಯಾನುಭೋಗಿಕೆ ನಡೆಸಿದವರ ಹಾಗೂ ಸೈನ್ಯದಲ್ಲಿದ್ದವರ ಮನೆಗಳಲ್ಲಿ, ಹಿರಿಯರಿಗೆ ಸಂದ ಸ್ಮಾರಕ ಪದಕಗಳು ಇಂದಿಗೂ ದೇವರ ಪೆಟ್ಟಿಗೆಯಲ್ಲೋ ಬೀರುವಿನಲ್ಲೋ ಇರುತ್ತವೆ. ಅವು ಬೆಳ್ಳಿಯವೇ ಎಂದು ತಿಳಿಯಲು ಮನೆಯವರು ನೇರವಾಗಿ ಚಿನ್ನಬೆಳ್ಳಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಅಂಚಿಗೆ ಅರ ಹಾಕಿ, ಒರೆಗಲ್ಲಿಗೆ ತಿಕ್ಕಿ, ಆಸಿಡ್ ಬಿಟ್ಟು ನೋಡುವುದು ವಾಡಿಕೆ. ಕರಗಿಸಲಿರುವ ಒಡವೆಗೆ ಇದು ಸರಿಯಾದ ಕ್ರಮವೇ ಇರಬಹುದು, ಪದಕಕ್ಕೆ ಖಂಡಿತ ಅಲ್ಲ. ನಮ್ಮ ಬಂಧುಗಳಲ್ಲಿದ್ದ 1911ರ ದೆಹಲಿ ದರ್ಬಾರಿನ ಪದಕಕ್ಕೆ ಅಂಗಡಿಯೊಂದರಲ್ಲಿ ಹೀಗೆ ಅರ ಹಾಕಿದ್ದರಿಂದ, ಐದನೆಯ ಜಾರ್ಜ್ ಮತ್ತು ರಾಣಿ ಮೇರಿಯರ ಮುಖಗಳ ಸುತ್ತಲಿನ ಹೂಮಾಲೆಯ ಪಕ್ಕದಲ್ಲೇ ಅಂಚು ಚಪ್ಪಟೆಯಾಗಿದೆ. ಅದನ್ನು ಸರಿಪಡಿಸುವ ಉಪಾಯವಿಲ್ಲ.

ಪದಕಕ್ಕೆ ಧಕ್ಕೆ ತಾರದ ಪರೀಕ್ಷೆ ಹೈಸ್ಕೂಲು ಪಾಠದಲ್ಲೇ ಇದೆ. ಮೊದಲು ಪದಕವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಬೇಕು. ಬಳಿಕ ಅದೇ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಪದಕವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿದರೆ, ಆಗ ತೋರುವ ಗ್ರಾಂಗಳೇ ಪದಕದ ಗಾತ್ರದ ಘನ ಸೆಂಟಿಮೀಟರುಗಳು. ಮೊದಲ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಬೆಳ್ಳಿಗೆ ಅದು 10.5, ತಾಮ್ರಕ್ಕೆ 8.96, ತವರಕ್ಕೆ 7.3. ಹೆಸರಿನಲ್ಲಷ್ಟೇ ಬೆಳ್ಳಿಯಿರುವ ಜರ್ಮನ್ ಸಿಲ್ವರ್ ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣವಾದ್ದರಿಂದ ಒಂಬತ್ತನ್ನು ದಾಟುವುದಿಲ್ಲ. ಪದಕಕ್ಕೆ ಅಂಟಿದ ಗಾಳಿಗುಳ್ಳೆಗಳನ್ನು ಬಿಡಿಸಿಕೊಳ್ಳಬೇಕು, ಮೊದಲೇ ರಿಬ್ಬನ್ ತೆಗೆದಿಡಬೇಕು, ಕೊನೆಗೆ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒಣಗಿಸಬೇಕು.

ಇದು ಎಷ್ಟು ಉಪಯುಕ್ತ ಎಂಬುದಕ್ಕೆ ನಮ್ಮ ಮೈಸೂರು ಸೀಮೆಯ ಚರಿತ್ರೆಗೇ ಸೇರಿದ ಶ್ರೀರಂಗಪಟ್ಟಣದ ಪದಕವನ್ನು ನೋಡಬಹುದು. 1799ರ ಮೇ 4ರಂದು ಕೋಟೆ ಬಿದ್ದ ಬಳಿಕ ಈಸ್ಟ್ ಇಂಡಿಯಾ ಕಂಪನಿ ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯಲ್ಲಿ ಮಾಡಿಸಿದ ಈ ಪದಕದ ಒಂದು ಮುಖದಲ್ಲಿ ಸಿಂಹವು ಹುಲಿಯನ್ನು ಕೆಡವಿ ಮೆಟ್ಟಿದೆ, ಇನ್ನೊಂದರಲ್ಲಿ ಕೋಟೆಗೆ ಲಗ್ಗೆಯಿಟ್ಟ ದೃಶ್ಯವಿದೆ. ಅಚ್ಚು ಒಂದೇ ಆದರೂ ಪಡೆದವರ ಅಂತಸ್ತಿಗೆ ತಕ್ಕಂತೆ ಚಿನ್ನ, ಚಿನ್ನದ ಗಿಲೀಟಿನ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ಲೋಹ ಬದಲಾಗುತ್ತದೆ. ಸಾಮಾನ್ಯ ಸಿಪಾಯಿಗಳಿಗೆ ಸಿಕ್ಕಿದ್ದು ತವರದ್ದು. ಕಣ್ಣಿಗೆ ಅದು ಮಾಸಿದ ಬೆಳ್ಳಿಯಂತೆಯೇ ಕಾಣುತ್ತದೆ. ಆದರೆ 40 ಗ್ರಾಂ ತವರ ನೀರಿನಲ್ಲಿ ಸುಮಾರು 5.5 ತೋರಿಸಿದರೆ, ಅಷ್ಟೇ ತೂಕದ ಬೆಳ್ಳಿ 3.8 ತೋರಿಸುತ್ತದೆ. ಇಲ್ಲಿ ಲೋಹವೆಂದರೆ ಬೆಲೆಯ ಮಾತಷ್ಟೇ ಅಲ್ಲ, ಪದಕ ಯಾವ ದರ್ಜೆಯವನ ಎದೆಯ ಮೇಲಿತ್ತು ಎಂಬುದಕ್ಕೆ ಅದೇ ಸಾಕ್ಷಿ. ತವರದ್ದೆಂದು ತಿಳಿದ ಕೂಡಲೇ ಅದನ್ನು ಕಡೆಗಣಿಸುವುದು ನನಗೆ ತೀರಾ ನೋವಿನ ಸಂಗತಿ.

ಸಾಂದ್ರತೆಯೊಂದೇ ಎಲ್ಲವನ್ನೂ ಹೇಳಲಾರದು. ತವರಕ್ಕೆ ಸೀಸ ಬೆರೆತಾಗ ಅಂಕಿ ತಾಮ್ರದ ಹತ್ತಿರಕ್ಕೆ ಬರಬಹುದು. ಆಗ ಹಾಲ್‌ಮಾರ್ಕ್ ಕೇಂದ್ರಗಳಲ್ಲಿರುವ, ಕ್ಷ-ಕಿರಣ ಹಾಯಿಸಿ ಲೋಹಗಳನ್ನು ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ನೆರವಾಗುತ್ತದೆ. ಅದು ಲೋಹವನ್ನು ಗೀರುವುದಿಲ್ಲ. ಆದರೆ ಅದು ಓದುವುದು ತೀರಾ ತೆಳುವಾದ ಮೇಲ್ಪದರವನ್ನು ಮಾತ್ರ. ಹೀಗಾಗಿ ಗಿಲೀಟಿನ ಪದಕವನ್ನು ಯಂತ್ರವೊಂದನ್ನೇ ನಂಬಿ ಚಿನ್ನವೆಂದು ತೀರ್ಮಾನಿಸುವ ಅಪಾಯವಿದೆ. ಎರಡೂ ಪರೀಕ್ಷೆಗಳ ಫಲಿತಾಂಶವನ್ನು ಜೊತೆಗಿಟ್ಟು ನೋಡುವುದೇ ಸರಿ. ಅದಕ್ಕೂ ಮುನ್ನ ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ಉಜ್ಜುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು, ಏಕೆಂದರೆ ಕಾಲದಿಂದ ಕೂಡಿದ ಆ ಕಪ್ಪು ಪದರ ಹೋದರೆ ಹಳಮೆಯ ಗುರುತೇ ಹೋಗುತ್ತದೆ.

ಹಾಸನದ ಸರ್ಕಾರಿ ವಸ್ತುಸಂಗ್ರಹಾಲಯದವರು ನಗರದ ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳ ಸಹಕಾರ ಪಡೆದು, ತಿಂಗಳಿಗೊಂದು ದಿನ ಮಾಲೀಕರ ಎದುರಿನಲ್ಲೇ ಇಂತಹ ಪದಕಗಳನ್ನು ತೂಗಿ, ವ್ಯಾಸ, ತೂಕ, ಸಾಂದ್ರತೆಯನ್ನು ಬರೆದುಕೊಡುವ ಏರ್ಪಾಡು ಮಾಡಬೇಕೆಂದು ಕೋರುತ್ತೇನೆ. ಬೇಕಿರುವುದು ಒಂದು ತಕ್ಕಡಿ, ಒಂದು ಲೋಟ ಮತ್ತು ದಾಖಲೆಗೊಂದು ಪುಸ್ತಕ.

– ಓದುಗ, ಹಾಸನ