‘ವೈರಾಣು’ ಎಂಬ ಪದ ಮತ್ತು ಮಳೆಗಾಲದ ಎರಡು ಜ್ವರಗಳು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮುಂಬಯಿಯ ಮಳೆಗಾಲದ ಜ್ವರಗಳನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಬರಹವು ಇಲಿಜ್ವರ ಮತ್ತು ಡೆಂಗಿ ಎರಡನ್ನೂ ‘ವೈರಾಣುಗಳಿಂದ ಬರುವ ರೋಗಗಳು’ ಎಂದು ಒಂದೇ ಸಾಲಿನಲ್ಲಿ ಕೂರಿಸಿದೆ. ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತ ನನಗೆ ಇದು ಬರಿಯ ಅಚ್ಚಿನ ತಪ್ಪಾಗಿ ಕಾಣಲಿಲ್ಲ.

ಇಲಿಜ್ವರ ತರುವ ಲೆಪ್ಟೊಸ್ಪೈರಾ ಒಂದು ಬ್ಯಾಕ್ಟೀರಿಯಾ. ಕಪ್ಪು ಹಿನ್ನೆಲೆಯ ಸೂಕ್ಷ್ಮದರ್ಶಕದಲ್ಲಿ ಅದು ತುದಿ ಬಾಗಿದ ಬೆಳ್ಳಿಯ ಎಳೆಯಂತೆ ಗಿರಕಿ ಹೊಡೆಯುವುದನ್ನು ಒಮ್ಮೆ ಕಂಡವರು ಮರೆಯಲಾರರು. ಅದಕ್ಕೆ ತನ್ನದೇ ಕೋಶಭಿತ್ತಿ, ಡಿಎನ್‌ಎ, ಪ್ರೋಟೀನು ತಯಾರಿಸುವ ರೈಬೋಸೋಮ್‌ಗಳು ಎಲ್ಲವೂ ಇರುವುದರಿಂದ ಇಲಿಯ ಮೂತ್ರ ಬೆರೆತ ಕೆಸರುನೀರಿನಲ್ಲೂ ಅದು ವಾರಗಟ್ಟಲೆ ಬದುಕಿರಬಲ್ಲುದು.

ಡೆಂಗಿಯದು ವೈರಸ್, ಅಂದರೆ ನಿಜವಾದ ವೈರಾಣು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪುಣೆಯ ವಿಜ್ಞಾನಿಗಳು ಗುರುತಿಸಿದ ಮಂಗನ ಕಾಯಿಲೆಯ ವೈರಸ್ ಕೂಡ ಇದೇ ಬಳಗದ್ದು. ಸುಮಾರು 50 ನ್ಯಾನೋಮೀಟರ್ ಅಗಲದ ಡೆಂಗಿ ವೈರಸ್ಸಿನ ಕಣದಲ್ಲಿರುವುದು ಒಂದು ಆರ್‌ಎನ್‌ಎ ಎಳೆ (ವೈರಸ್ಸನ್ನು ಕಟ್ಟುವ ಆಜ್ಞೆ ಬರೆದಿರುವ ಅಣು), ಅದನ್ನು ಸುತ್ತಿದ ಪ್ರೋಟೀನು ಮತ್ತು ನಮ್ಮ ಜೀವಕೋಶದಿಂದಲೇ ಕದ್ದ ಪೊರೆ, ಇಷ್ಟೇ. ರೈಬೋಸೋಮ್ ಇಲ್ಲ. ಜೀವಕೋಶದ ಹೊರಗೆ ಅದು ತಿನ್ನುವುದೂ ಇಲ್ಲ, ಇಬ್ಭಾಗವಾಗುವುದೂ ಇಲ್ಲ. ಜೀವಕೋಶವು ಅದನ್ನು ಪುಟ್ಟ ಚೀಲದಲ್ಲಿ ಒಳಗೆಳೆದುಕೊಂಡಾಗ, ಆ ಚೀಲದ ಆಮ್ಲತೆಗೆ ಚೀಲದ ಪೊರೆಯೂ ವೈರಸ್ಸಿನ ಪೊರೆಯೂ ಬೆಸೆದು ಆರ್‌ಎನ್‌ಎ ಹೊರಜಾರುತ್ತದೆ. ನಮ್ಮ ರೈಬೋಸೋಮ್‌ಗಳು ಅದನ್ನು ಮನೆಯದೇ ಆಜ್ಞೆಯೆಂದು ಓದಿ ಒಂದು ಉದ್ದನೆಯ ಪ್ರೋಟೀನನ್ನು ಹೆಣೆಯುತ್ತವೆ. ಅದು ಹತ್ತು ತುಂಡುಗಳಾಗಿ ಕತ್ತರಿಸಲ್ಪಟ್ಟು, ಅವುಗಳಲ್ಲೊಂದು ಆರ್‌ಎನ್‌ಎಯ ಪ್ರತಿಗಳನ್ನು ತೆಗೆಯುತ್ತಾ ಹೋಗುತ್ತದೆ. ಹೀಗೆ ಹುಟ್ಟಿದ ಹೊಸ ಕಣಗಳು ಪಕ್ಕದ ಕೋಶಗಳನ್ನು ಹೊಗುತ್ತವೆ.

ನೆರೆನೀರಿನಲ್ಲಿ ನಡೆದವರಿಗೆ ಇಲಿಜ್ವರ ಬಾರದಿರಲೆಂದು ವೈದ್ಯರು ಬರೆದುಕೊಡುವ ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾದ ರೈಬೋಸೋಮನ್ನು ಹಿಡಿದು ನಿಲ್ಲಿಸುವ ಔಷಧ. ಡೆಂಗಿ ವೈರಸ್ಸಿನಲ್ಲಿ ಅದಕ್ಕೆ ಹಿಡಿಯಲು ಏನೂ ಇಲ್ಲ. ಕಳೆದ ಶ್ರಾವಣದಲ್ಲಿ ನಮ್ಮ ಚಾಳಿನ ಹಿರಿಯರೊಬ್ಬರು ಜ್ವರ ಬಂದಾಗ, ಹಿಂದಿನ ವರ್ಷ ಉಳಿದಿದ್ದ ಇದೇ ಔಷಧದ ನಾಲ್ಕು ಕ್ಯಾಪ್ಸೂಲುಗಳನ್ನು ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ನುಂಗಿ, ವಸಡಿನಿಂದ ರಕ್ತ ಬಂದ ಮೇಲೆಯೇ ಆಸ್ಪತ್ರೆಗೆ ಹೋದರು. ಡೆಂಗಿಯಾಗಿತ್ತು. ಕೇಳಿದರೆ, “ಎಲ್ಲ ಒಂದೇ ವೈರಾಣು ಅಲ್ವಾ ಮಾರಾಯ್ರೇ” ಎಂದರು. ಅವರನ್ನು ದೂರಲಾರೆ. ಆ ಪದ ಕಿವಿಗೆ ‘ವೈರಿಯಾದ ಅಣು’ ಎಂದೇ ಕೇಳಿಸುವುದರಿಂದ ಯಾವ ರೋಗಾಣುವಿಗೂ ಹೊಂದಿಬಿಡುತ್ತದೆ.

ಆದುದರಿಂದ ಬ್ಯಾಕ್ಟೀರಿಯಾವನ್ನು ಬ್ಯಾಕ್ಟೀರಿಯಾ ಎಂದೂ ವೈರಸ್ಸನ್ನು ವೈರಸ್ ಎಂದೂ ಬರೆದು, ಇಲಿಜ್ವರದ ಮಾತ್ರೆ ಡೆಂಗಿಗೆ ಆಗದೆಂಬ ಒಂದು ಸಾಲನ್ನು ಮುಂದಿನ ಮಳೆಗಾಲದ ಬರಹಗಳಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಡೊಂಬಿವಲಿ