ಹೆಸರುಗಳೇ ಶಿಲ್ಪವಾದ ಗೋಡೆ

ಮಾನ್ಯ ಸಂಪಾದಕರೇ,

ಮಡಿದವರ ಸ್ಮಾರಕದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಪ್ರತಿಮೆಯ ಎತ್ತರದಿಂದಲೇ ಶುರುವಾಗುತ್ತದೆ. ಬರಿಯ ಅಕ್ಷರಗಳಲ್ಲೇ ದುಃಖವನ್ನು ಹೊತ್ತ ಶಿಲ್ಪವೊಂದು ವಾಷಿಂಗ್ಟನ್ನಿನಲ್ಲಿದೆ. ಅದರ ಕಪ್ಪು ಗ್ರಾನೈಟ್ ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ ಎಂಬ ಕಾರಣಕ್ಕೂ ಈ ಪತ್ರ ಬರೆಯುತ್ತಿದ್ದೇನೆ.

ವಿಯೆಟ್ನಾಂ ಯುದ್ಧದಲ್ಲಿ ಮಡಿದ ಅಮೆರಿಕದ ಯೋಧರಿಗಾಗಿ 1982ರಲ್ಲಿ ಪೂರ್ಣಗೊಂಡ ಈ ಸ್ಮಾರಕದ ವಿನ್ಯಾಸ ಮಾಯಾ ಲಿನ್ ಅವರದು. 1,421 ವಿನ್ಯಾಸಗಳ ನಡುವೆ ಅದು ಆಯ್ಕೆಯಾದಾಗ ಅವರಿನ್ನೂ 21 ವರ್ಷದ ವಿದ್ಯಾರ್ಥಿನಿ. ಕೋನವಾಗಿ ಕೂಡುವ ಎರಡು ಗೋಡೆಗಳ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ. ಹುದ್ದೆಯಿಲ್ಲ, ಬಿರುದಿಲ್ಲ, ಹೊಗಳಿಕೆಯಿಲ್ಲ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸದೆ, ಸಾವಿಗೀಡಾದ ಕ್ರಮದಲ್ಲೇ ಕೆತ್ತಿರುವುದರಿಂದ ಒಟ್ಟಿಗೆ ಬಿದ್ದವರು ಗೋಡೆಯ ಮೇಲೂ ಅಕ್ಕಪಕ್ಕದಲ್ಲಿದ್ದಾರೆ. ಕೋನದಲ್ಲಿ ಶುರುವಾಗುವ ಪಟ್ಟಿ ಬಲತುದಿಯವರೆಗೆ ಸಾಗಿ, ಎಡತುದಿಯಿಂದ ಮತ್ತೆ ಮುಂದುವರಿದು, ಅದೇ ಕೋನಕ್ಕೆ ಬಂದು ಮುಗಿಯುತ್ತದೆ. ನುಣುಪು ಮಾಡಿದ ಕಲ್ಲಿನಲ್ಲಿ ಓದುವವರ ಮುಖ ಹೆಸರುಗಳ ನಡುವೆ ಮೂಡುತ್ತದೆ. ಬಂಧುಗಳು ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಅದರ ಅಚ್ಚನ್ನು ಮನೆಗೆ ಒಯ್ಯುತ್ತಾರೆ. ಪ್ರತಿಮೆಯಿಲ್ಲದ ಸ್ಮಾರಕ ಅವಮಾನವೆಂದು ಆಗ ಹಲವರು ಸಿಟ್ಟಾದರು. 1984ರಲ್ಲಿ ಸಮೀಪದಲ್ಲೇ ಮೂವರು ಸೈನಿಕರ ಪ್ರತಿಮೆಯನ್ನೂ ನಿಲ್ಲಿಸಲಾಯಿತು. ಆ ಯುದ್ಧದಲ್ಲಿ ಸತ್ತ ಲಕ್ಷಾಂತರ ವಿಯೆಟ್ನಾಮಿಗರ ಹೆಸರು ಈ ಗೋಡೆಯ ಮೇಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಸತ್ತವರನ್ನು ಕಲ್ಲಿನಲ್ಲಿ ಬರೆದಿಡುವುದು ನಮಗೆ ಹೊಸದಲ್ಲ. ವೀರಗಲ್ಲುಗಳು, ವ್ರತ ಹಿಡಿದು ದೇಹ ಬಿಟ್ಟ ಜೈನರ ನೆನಪಿನ ನಿಸಿಧಿಗಲ್ಲುಗಳು ನಮ್ಮ ಊರೂರಿನಲ್ಲಿವೆ. ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಲ್ಲಿ ಬೆಂಗಳೂರೆಂಬ ಹೆಸರು ಕಾಣಿಸುವುದೂ ಅಲ್ಲಿನ ಕಾಳಗದಲ್ಲಿ ಮಡಿದ ಒಬ್ಬನ ಸಾವನ್ನು ಹೇಳುವಾಗಲೇ.

2021ರ ಕೋವಿಡ್ ಅಲೆಯಲ್ಲಿ ನನ್ನ ಅಣ್ಣ ತೀರಿಕೊಂಡರು. ಮುಖ ನೋಡಲಾಗಲಿಲ್ಲ, ಚಿತಾಗಾರದ ಚೀಟಿಯಲ್ಲಿ ಅವರ ಹೆಸರನ್ನಷ್ಟೇ ಓದಿದೆ. ಆ ದಿನಗಳಲ್ಲಿ ಹೋದವರಿಗಾಗಿ, ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ತೀರಿಕೊಂಡ ದಿನಾಂಕದ ಕ್ರಮದಲ್ಲಿ ಕೆತ್ತಿದ ಗೋಡೆಯೊಂದನ್ನು ನಮ್ಮ ನಗರದಲ್ಲಿ ಕಟ್ಟಬೇಕೆಂದು ಸಂಬಂಧಪಟ್ಟವರನ್ನು ಈ ಪತ್ರದ ಮೂಲಕ ಕೋರುತ್ತೇನೆ. ಪ್ರತಿಮೆ ಬೇಡ. ಅಕ್ಷರಗಳು ಮಾತ್ರ ಕೈಗೆ ಎಟಕುವಷ್ಟು ಎತ್ತರದಲ್ಲಿರಲಿ.

ಇತಿ,
ಓದುಗಳೊಬ್ಬಳು, ಬೆಂಗಳೂರು