ಕುಡ ಮುರಿದರೆ ಕಬ್ಬಿಣವನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ಲಾರಿಯ ಹಳೆಯ ಪಾಟಾದಿಂದ, ಅಂದರೆ ಸ್ಪ್ರಿಂಗ್ ಪಟ್ಟಿಯಿಂದ, ಮಾಡಿಸಿದ ಎಡೆಕುಂಟೆಯ (ಬೆಳೆಸಾಲಿನ ನಡುವೆ ಕಳೆ ತೆಗೆಯುವ ಸಾಧನದ) ಕುಡಗಳು, ಅಂದರೆ ಅಲಗುಗಳು, ಕಲ್ಲು ತಾಗಿದೊಡನೆ ಮುರಿಯುತ್ತಿವೆ, ಈಗಿನ ಕಬ್ಬಿಣವೇ ಕಲಬೆರಕೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಚಳ್ಳಕೆರೆಯಲ್ಲಿ ಕುಲುಮೆ ನಡೆಸುವ ನಾನು ಇದನ್ನು ಒಪ್ಪುವುದಿಲ್ಲ. ಪಾಟಾ ಒಳ್ಳೆಯ ಉಕ್ಕು, ಅದರಲ್ಲಿ ಸುಮಾರು ಶೇ 0.5ರಿಂದ 0.6ರಷ್ಟು ಇಂಗಾಲವಿರುತ್ತದೆ. ಕೆಡುತ್ತಿರುವುದು ನಾವು ಕಾಯಿಸುವ ರೀತಿ.

ಮೊನ್ನೆ ಶೇಂಗಾ ಬೆಳೆಗಾರರೊಬ್ಬರು ಎರಡು ತುಂಡಾದ ಕುಡವನ್ನು ತಂದು ನನ್ನ ಮುಂದೆ ಇಟ್ಟರು. ಮುರಿದ ಬಾಯಲ್ಲಿ ಸಕ್ಕರೆಯಂಥ ದಪ್ಪ ಹರಳುಗಳು ಬಿಸಿಲಿಗೆ ಮಿನುಗುತ್ತಿದ್ದವು. ಹದವಾಗಿ ಕಾದ ಉಕ್ಕು ಹಾಗೆ ಮಿನುಗುವುದಿಲ್ಲ, ರಾಗಿ ಹಿಟ್ಟಿನಂತೆ ಬೂದು ಬಣ್ಣಕ್ಕಿದ್ದು ನುಣುಪಾಗಿರುತ್ತದೆ. ಆ ಕುಡ ನಾನೇ ಮಾಡಿಕೊಟ್ಟದ್ದು. ಅವರ ಎಡೆ ಹೊಡೆಯುವ ಕೆಲಸ ಎರಡು ದಿನ ನಿಂತಿತ್ತು.

ಉಕ್ಕು 727 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಪರಮಾಣುಗಳ ಜೋಡಣೆಯೇ ಬದಲಾಗತೊಡಗುತ್ತದೆ. ಹಳೆಯ ಹರಳುಗಳ ಅಂಚಿನಲ್ಲಿ ಹೊಸ, ಸಣ್ಣ ಹರಳುಗಳು ಮೊಳೆಯುತ್ತವೆ. ಆ ಬದಲಾವಣೆ ಮುಗಿಯುತ್ತಿದ್ದಂತೆ ಎಣ್ಣೆಗೆ ಅದ್ದಿದರೆ ಕುಡ ಗಟ್ಟಿಯಾಗುತ್ತದೆ. ಇನ್ನೂ ಊದುತ್ತಾ ಹಳದಿಗೆ ತಂದರೆ ದೊಡ್ಡ ಹರಳು ಪಕ್ಕದ ಚಿಕ್ಕದನ್ನು ನುಂಗಿ ಬೆಳೆಯುತ್ತದೆ. ಅಂಥ ಉಕ್ಕನ್ನು ಅದ್ದಿದರೂ ಗಡಸೇನೋ ಬರುತ್ತದೆ, ಆದರೆ ಬಿರುಕಿಗೆ ಆ ದೊಡ್ಡ ಹರಳುಗಳ ಗಡಿಯೇ ದಾರಿಯಾಗುತ್ತದೆ.

ನಮ್ಮ ತಂದೆ ಹದ ಹಾಕುವಾಗ ಬಾಗಿಲಿಗೆ ಗೋಣಿಚೀಲ ಇಳಿಬಿಡುತ್ತಿದ್ದರು. ಕೆಂಪಿನ ಛಾಯೆ ಕತ್ತಲಲ್ಲಿ ಮಾತ್ರ ಸರಿಯಾಗಿ ಕಾಣುತ್ತದೆ. ನಾನು ರಸ್ತೆ ಬದಿಯ ತಗಡಿನ ಶೆಡ್ಡಿಗೆ ಬಂದೆ, ತಿದಿ ಬಿಟ್ಟು ಬ್ಲೋವರ್ ಹಾಕಿದೆ. ಮಧ್ಯಾಹ್ನದ ಬೆಳಕಿನಲ್ಲಿ ಚೆನ್ನಾಗಿ ಕಾದ ಉಕ್ಕೂ ಮಂಕಾಗಿ ಕಂಡು, ಇನ್ನಷ್ಟು ಕಾಯಿಸಿಬಿಡುತ್ತಿದ್ದೆ.

ಈಗ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ತೂಗುಹಾಕಿದ್ದೇನೆ. ಕಾದ ಕುಡ ಅದಕ್ಕೆ ಅಂಟುವುದು ನಿಂತ ಮೇಲೆ ತುಸು ಮಾತ್ರ ಕಾಯಿಸುತ್ತೇನೆ. ಅತಿಯಾಗಿ ಕಾದದ್ದೂ ಎಸೆಯುವ ವಸ್ತುವಲ್ಲ. ಅಯಸ್ಕಾಂತಕ್ಕೆ ಅಂಟುವುದು ನಿಂತು ತುಸು ಮೇಲಿನ ಆ ಹದವಾದ ಕಾವಿಗೆ ಮತ್ತೆ ತಂದು ಗಾಳಿಯಲ್ಲಿ ಆರಿಸಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ಹರಳು ಪುನಃ ಸಣ್ಣದಾಗುತ್ತದೆ. ಎಣ್ಣೆಗೆ ಅದ್ದಿದ ಕುಡವನ್ನು ಹಾಗೆಯೇ ಕೊಡಲೂಬಾರದು. ಉಜ್ಜಿ ಹೊಳಪು ಬರಿಸಿ, ಸುಮಾರು 300 ಡಿಗ್ರಿಯ ನೀಲಿ ಬಣ್ಣ ಏರುವವರೆಗೆ ಮೆಲ್ಲಗೆ ಬಿಸಿ ಮಾಡಿದರೆ ಗಾಜಿನಂಥ ಪೆಡಸುತನ ಕಡಿಮೆಯಾಗುತ್ತದೆ.

ಮುಂಗಾರಿಗೆ ಮೊದಲು ತಾಲ್ಲೂಕಿನ ಕಮ್ಮಾರರಿಗೆ ಐಟಿಐಯಲ್ಲಿ ಒಂದು ದಿನದ ತರಬೇತಿ ಏರ್ಪಡಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ. ಭಾಷಣ ಬೇಡ. ಒಂದೇ ಪಾಟಾದ ಮೂರು ತುಂಡುಗಳನ್ನು ಮೂರು ಕಾವಿಗೆ ಕಾಯಿಸಿ, ಅದ್ದಿ, ಮುರಿದು ಕೈಗೆ ಕೊಡಲಿ. ಪಾಟಾವನ್ನು ನಾನೇ ತರುತ್ತೇನೆ.

— ಒಬ್ಬ ಕಮ್ಮಾರ, ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ